ಎಂಆರ್‌ಐ ಯಂತ್ರ: ಸಂಕೇತವು ಅಂಕಿಯಾಗುವುದೆಲ್ಲಿ?

ಎಂಆರ್‌ಐ ಪರೀಕ್ಷಾ ಕೇಂದ್ರದ ಸ್ಥಾಪನೆಯು ವೈದ್ಯರು ಮಾತ್ರ ಕೈಗೊಳ್ಳುವ ಉದ್ಯಮವಾಗಿ ಇಂದು ಉಳಿದಿಲ್ಲ. ವರ್ತಕರೂ ಪಾಲುದಾರರಾಗಿ ಬಂಡವಾಳ ತೊಡಗಿಸುವುದುಂಟು. ಕೋಟಿಗಳ ಲೆಕ್ಕದ ಈ ಖರೀದಿಯಲ್ಲಿ ಮಾರಾಟಗಾರರು ಮುಂದಿಡುವ ಒಂದು ಮಾತು, 'ಇದು ಡಿಜಿಟಲ್ ಯಂತ್ರ' ಎಂಬುದು. ಈ ಪದಕ್ಕೆ ಎಷ್ಟು ಬೆಲೆ ತೆರಬಹುದೆಂದು ನಿರ್ಧರಿಸುವ ಮೊದಲು ಅದರ ಅರ್ಥವನ್ನು ತಿಳಿಯುವುದು ಅವಶ್ಯ.

ಎರಡರ ವ್ಯತ್ಯಾಸ

ಕೊಡಗಿನ ದುಬಾರೆಯಲ್ಲಿ ಆನೆ ಶಿಬಿರವನ್ನು ತಲುಪಲು ಕಾವೇರಿಯನ್ನು ದಾಟಬೇಕು. ಈ ದಡದಿಂದ ಆ ದಡಕ್ಕೆ ಒಂದು ಲೆಕ್ಕವನ್ನು ಕೂಗಿ ಹೇಳಿದರೆ ನೀರಿನ ಸದ್ದು ದನಿಯೊಡನೆ ಬೆರೆಯುತ್ತದೆ. ಅದನ್ನೇ ಚೀಟಿಯಲ್ಲಿ ಬರೆದು ದೋಣಿಯಲ್ಲಿ ಕಳುಹಿಸಿದರೆ ಅಂಕಿಗಳು ಇದ್ದಂತೆಯೇ ತಲುಪುತ್ತವೆ. ಮೊದಲನೆಯದು ಅನಲಾಗ್ ಕ್ರಮ, ಎರಡನೆಯದು ಡಿಜಿಟಲ್ ಕ್ರಮ. ಆದರೆ ಚೀಟಿ ಬರೆದವನೇ ತಪ್ಪಾಗಿ ಕೇಳಿಸಿಕೊಂಡಿದ್ದರೆ, ದೋಣಿಯು ಆ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ಮುಟ್ಟಿಸುತ್ತದೆ.

ಎಂಆರ್‌ಐ ಯಂತ್ರದಲ್ಲಿಯೂ ಇದೇ ನಿಯಮ ಅನ್ವಯಿಸುತ್ತದೆ. ಪ್ರಬಲ ಕಾಂತಕ್ಷೇತ್ರದಲ್ಲಿ ದೇಹದ ಜಲಜನಕದ ಪರಮಾಣು ಬೀಜಗಳು ರೇಡಿಯೊ ಅಲೆಗೆ ಸ್ಪಂದಿಸಿ ಅತಿ ಕ್ಷೀಣವಾದ ಸಂಕೇತವನ್ನು ಹೊಮ್ಮಿಸುತ್ತವೆ. ಇದರ ಆವರ್ತನವು 1.5 ಟೆಸ್ಲಾ ಯಂತ್ರದಲ್ಲಿ ಸುಮಾರು 64 ಮೆಗಾಹರ್ಟ್ಸ್, 3 ಟೆಸ್ಲಾ ಯಂತ್ರದಲ್ಲಿ ಸುಮಾರು 128 ಮೆಗಾಹರ್ಟ್ಸ್. ಈ ಸಂಕೇತವನ್ನು ಹಿಡಿಯುವ ಕಾಯಿಲ್ ಮತ್ತು ಅದರ ಮೊದಲ ವರ್ಧಕ ಎಲ್ಲ ಯಂತ್ರಗಳಲ್ಲಿಯೂ ಅನಲಾಗ್ ಆಗಿಯೇ ಇವೆ. ಕೊನೆಯಲ್ಲಿ ಚಿತ್ರ ರಚಿಸುವುದು ಗಣಕಯಂತ್ರವಾದ್ದರಿಂದ ಅಲ್ಲಿ ಎಲ್ಲವೂ ಡಿಜಿಟಲ್. ಭೇದವಿರುವುದು ಇವೆರಡರ ನಡುವೆ, ಸಂಕೇತವು ಅಂಕಿಯಾಗಿ ಪರಿವರ್ತನೆಗೊಳ್ಳುವ ಸ್ಥಳದಲ್ಲಿ.

ಮೂರು ಹಂತಗಳು

1980ರ ದಶಕದ ಯಂತ್ರಗಳಲ್ಲಿ ಸಂಕೇತವನ್ನು ಅನಲಾಗ್ ಮಂಡಲದಲ್ಲಿಯೇ ಎರಡು ಕವಲುಗಳಾಗಿ ಒಡೆದು, ನಂತರ ಅಂಕಿಯಾಗಿಸಲಾಗುತ್ತಿತ್ತು. ಕವಲುಗಳು ಕಿಂಚಿತ್ ಅಸಮವಾದರೂ ಚಿತ್ರದಲ್ಲಿ ನೆರಳಿನಂತಹ ಪ್ರತಿಬಿಂಬ ಮೂಡುತ್ತಿತ್ತು. ಮುಂದೆ ಈ ಒಡೆಯುವ ಕಾರ್ಯವನ್ನು ಅಂಕಿಗಳ ಲೆಕ್ಕಾಚಾರಕ್ಕೆ ಒಪ್ಪಿಸಿದ ಬಳಿಕ ಆ ದೋಷ ನೀಗಿತು. ಆದರೂ ಪರಿವರ್ತಕವು ಪಕ್ಕದ ಸಲಕರಣೆ ಕೊಠಡಿಯಲ್ಲಿದ್ದು, ಸಂಕೇತವು ತಾಮ್ರದ ಕೋಏಕ್ಸಿಯಲ್ ಕೇಬಲ್‌ನಲ್ಲಿ ಅಲ್ಲಿಯವರೆಗೆ ಸಾಗಬೇಕಿತ್ತು. 2010ರಲ್ಲಿ ಫಿಲಿಪ್ಸ್ ಸಂಸ್ಥೆಯು ಪ್ರಕಟಿಸಿದ ಇಂಜೀನಿಯಾ ಯಂತ್ರದಲ್ಲಿ ಕಾಯಿಲ್‌ನಲ್ಲಿಯೇ ಪರಿವರ್ತನೆ ನಡೆದು, ಅಂಕಿಗಳು ಆಪ್ಟಿಕಲ್ ಫೈಬರ್ ಮೂಲಕ ಬೆಳಕಾಗಿ ಸಾಗುವ ವ್ಯವಸ್ಥೆ ಬಂದಿತು.

ಲಾಭ ಮತ್ತು ಮಿತಿ

ಫೈಬರ್‌ನಲ್ಲಿ ಸಾಗುವ ಅಂಕಿಗಳಿಗೆ ರೇಡಿಯೊ ಅಡಚಣೆಯ ಬಾಧೆಯಿಲ್ಲ. ಉದ್ದನೆಯ ತಾಮ್ರದ ಕೇಬಲ್ ಬಿಸಿಯಾಗುವ ಅಪಾಯವೂ ತಗ್ಗುತ್ತದೆ. ಹಳೆಯ ವಿನ್ಯಾಸದಲ್ಲಿ ಚಾನೆಲ್‌ಗಳನ್ನು ಹೆಚ್ಚಿಸಲು ಸಲಕರಣೆ ಕೊಠಡಿಯ ಗ್ರಾಹಕಗಳನ್ನೂ ಹೆಚ್ಚಿಸಬೇಕಿತ್ತು. ಹೊಸ ವಿನ್ಯಾಸದಲ್ಲಿ ಅವು ಕಾಯಿಲ್‌ನ ಜೊತೆಗೇ ಬರುತ್ತವೆ. ಇನ್ನೊಂದೆಡೆ, ಕಾಯಿಲ್‌ನಲ್ಲಿಯೇ ಕಳೆದುಹೋದ ಸಂಕೇತವನ್ನು ಮುಂದಿನ ಯಾವ ಡಿಜಿಟಲ್ ಮಂಡಲವೂ ಮರಳಿ ತರಲಾರದು. ಸಮರ್ಪಕ ಕಾಯಿಲ್‌ಗಳುಳ್ಳ, ಸುಸ್ಥಿತಿಯಲ್ಲಿರುವ ಹಳೆಯ ಯಂತ್ರವು ಉತ್ತಮ ಚಿತ್ರ ನೀಡಬಲ್ಲದು. ಸವೆದ ಕಾಯಿಲ್‌ಗಳ ಹೊಸ ಯಂತ್ರವು ಮರುಪರೀಕ್ಷೆಗೆ ಎಡೆಮಾಡುತ್ತದೆ. ಮರುಪರೀಕ್ಷೆಯಿಂದ ಕೇಂದ್ರಕ್ಕೆ ಯಂತ್ರದ ವೇಳೆ ನಷ್ಟ. ದೂರದ ಊರಿನಿಂದ ಬಂದ ರೋಗಿಗೆ ಇನ್ನೊಂದು ದಿನದ ಕೂಲಿ ಮತ್ತು ಪ್ರಯಾಣದ ಖರ್ಚು.

ಲೆಕ್ಕದ ದೃಷ್ಟಿ

1962ರ ಆದಾಯ ತೆರಿಗೆ ನಿಯಮಗಳು ಎಂಆರ್‌ಐ ಯಂತ್ರವನ್ನು ಜೀವರಕ್ಷಕ ಉಪಕರಣಗಳ ಪಟ್ಟಿಗೆ ಸೇರಿಸಿ ಶೇ. 40ರ ಸವಕಳಿಯನ್ನು ನಿಗದಿಪಡಿಸಿದ್ದವು. ಅನಲಾಗ್, ಡಿಜಿಟಲ್ ಎಂಬ ಭೇದವನ್ನು ಆ ಪಟ್ಟಿ ಮಾಡಿರಲಿಲ್ಲ. ರೋಗಪರೀಕ್ಷಾ ಸೇವೆಯು ಜಿಎಸ್‌ಟಿಯಿಂದ ವಿನಾಯಿತಿ ಪಡೆದಿರುವುದರಿಂದ, ಆ ಸೇವೆಗಾಗಿಯೇ ಕೊಂಡ ಯಂತ್ರದ ಮೇಲೆ ತೆತ್ತ ತೆರಿಗೆಗೆ ಜಮೆ ದೊರೆಯದೆ ಅದು ವೆಚ್ಚವಾಗಿಯೇ ಉಳಿಯುತ್ತದೆ. ಆದ್ದರಿಂದ ದರಪಟ್ಟಿಗಳನ್ನು ತೆರಿಗೆಸಹಿತವಾಗಿ ಹೋಲಿಸುವುದು ಲೇಸು. ಅದರೊಡನೆ ನಿರ್ವಹಣಾ ಒಪ್ಪಂದ, ಬದಲಿ ಕಾಯಿಲ್‌ನ ಬೆಲೆ ಹಾಗೂ ಯಂತ್ರ ನಿಂತ ದಿನಗಳ ಆದಾಯನಷ್ಟವನ್ನೂ ಸೇರಿಸಬೇಕು. ಪರಿವರ್ತಕವು ಕಾಯಿಲ್‌ನೊಳಗೇ ಇದ್ದಲ್ಲಿ, ಒಂದು ಕಾಯಿಲ್ ಕೆಟ್ಟಾಗ ಅದರೊಡನೆ ಪರಿವರ್ತಕವೂ ದುರಸ್ತಿಯ ಲೆಕ್ಕಕ್ಕೆ ಬರಬಹುದು.

ಸಣ್ಣ ತಯಾರಕರಿಗೂ ಇದರಲ್ಲಿ ಪಾಠವಿದೆ. 2023ರ ಆಗಸ್ಟ್‌ನಲ್ಲಿ ಬೆಂಗಳೂರಿನ ವಾಕ್ಸೆಲ್‌ಗ್ರಿಡ್ಸ್ ಸಂಸ್ಥೆಯ 1.5 ಟೆಸ್ಲಾ ಯಂತ್ರವು ದೇಶದಲ್ಲಿಯೇ ಅಭಿವೃದ್ಧಿಗೊಂಡ ಮೊದಲ ಎಂಆರ್‌ಐ ಸ್ಕ್ಯಾನರ್ ಎಂದು ನವದೆಹಲಿಯಲ್ಲಿ ಬಿಡುಗಡೆಯಾಯಿತು. ಇಂತಹ ಯಂತ್ರಗಳಿಗೆ ಆಯಸ್ಕಾಂತಕ್ಕೆ ಅಂಟದ ಬಿಡಿಭಾಗಗಳು, ರೇಡಿಯೊ ತಡೆಯ ಕವಚಗಳು, ನಿಖರ ಕಾಯಿಲ್ ಚೌಕಟ್ಟುಗಳು ಬೇಕಾಗುತ್ತವೆ. ಸಣ್ಣ ಘಟಕಗಳು ಗಮನ ಹರಿಸಬೇಕಾದ ಕ್ಷೇತ್ರವಿದು.

ಖರೀದಿದಾರರು ದರಪಟ್ಟಿ ಪಡೆಯುವಾಗ ನಾಲ್ಕು ಪ್ರಶ್ನೆಗಳಿಗೆ ಲಿಖಿತ ಉತ್ತರ ಕೇಳುವುದು ಸೂಕ್ತ: ಸಂಕೇತವು ಅಂಕಿಯಾಗುವುದು ಕಾಯಿಲ್‌ನಲ್ಲಿಯೋ, ಆಯಸ್ಕಾಂತದ ಬಳಿಯೋ, ಪಕ್ಕದ ಕೊಠಡಿಯಲ್ಲಿಯೋ? ಚಾನೆಲ್‌ಗಳನ್ನು ಹೆಚ್ಚಿಸಲು ತಗಲುವ ವೆಚ್ಚವೆಷ್ಟು? ಕಾಯಿಲ್‌ಗಳು ನಿರ್ವಹಣಾ ಒಪ್ಪಂದಕ್ಕೆ ಒಳಪಡುತ್ತವೆಯೇ? ಕೆಟ್ಟ ಕಾಯಿಲ್‌ಗೆ ಬದಲಿಯನ್ನು ಎಷ್ಟು ದಿನಗಳಲ್ಲಿ ಒದಗಿಸಲಾಗುವುದು?