ತಿಳಿಯಾದ ನೀರೆಲ್ಲ ಒಳ್ಳೆಯ ನೀರೇ?

“ಏನಮ್ಮಾ ಓದ್ತಿರೋದು?” ಎಂದು ಯಾರಾದರೂ ಕೇಳಿದರೆ “ಪರಿಸರ ಇಂಜಿನಿಯರಿಂಗ್” ಎನ್ನುತ್ತಿದ್ದೆ. “ಓಹೋ, ಗಿಡ ನೆಡೋದಾ?” ಎಂಬ ಮರುಪ್ರಶ್ನೆ ತಪ್ಪದೆ ಬರುತ್ತಿತ್ತು. ಗಿಡ ನೆಡುವುದು ಒಳ್ಳೆಯ ಕೆಲಸವೇ. ಆದರೆ ಮೈಸೂರಿನ ಕಾಲೇಜಿನಲ್ಲಿ ನಾಲ್ಕು ವರ್ಷ ನಾನು ಕಲಿತದ್ದು ಬೇರೆ. ನಲ್ಲಿಗೆ ನೀರು ಎಲ್ಲಿಂದ ಬರುತ್ತದೆ, ಬಚ್ಚಲಿನಿಂದ ಹೋದದ್ದು ಎಲ್ಲಿ ಸೇರುತ್ತದೆ, ಕಸದ ಗಾಡಿ ಒಯ್ದ ಕಸ ಏನಾಗುತ್ತದೆ, ಚಿಮಣಿಯ ಹೊಗೆ ಎಲ್ಲಿ ಹೋಗಿ ಇಳಿಯುತ್ತದೆ ಎಂಬ ಪಾಠ ಅದು.

ಪಿಯುಸಿಯಲ್ಲಿ ವಿಜ್ಞಾನ ಓದಿ, ಸಿಇಟಿ ಬರೆದು ಇದಕ್ಕೆ ಸೇರಬೇಕು. ಹೆಚ್ಚಿನ ಕಾಲೇಜುಗಳಲ್ಲಿ ಇದು ಸಿವಿಲ್ ಇಂಜಿನಿಯರಿಂಗ್‌ನ ಒಂದು ಭಾಗ. ಕೆಲವೇ ಕಡೆ ಬೇರೆ ಪದವಿಯಾಗಿದೆ. ಮೊದಲ ವರ್ಷ ಎಲ್ಲರಂತೆ ಗಣಿತ, ಭೌತವಿಜ್ಞಾನ, ರಸಾಯನವಿಜ್ಞಾನ. ಆಮೇಲೆ ಕೊಳವೆಯಲ್ಲಿ ನೀರು ಹರಿಯುವ ಲೆಕ್ಕ, ನೆಲದ ಏರುತಗ್ಗು ಅಳೆಯುವ ಸರ್ವೆ, ಸೂಕ್ಷ್ಮಜೀವಿಗಳ ಪಾಠ, ಒಳಚರಂಡಿಯ ವಿನ್ಯಾಸ, ಕಸದ ನಿರ್ವಹಣೆ, ಗಾಳಿಯ ಮಾಲಿನ್ಯ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಪ್ರಯೋಗಾಲಯ. ಅಲ್ಲಿ ಸಾಲಾಗಿ ಆರು ಗಾಜಿನ ಪಾತ್ರೆಗಳಲ್ಲಿ ಕೆಸರು ನೀರು ತುಂಬುತ್ತಿದ್ದೆವು. ಒಂದೊಂದಕ್ಕೂ ಬೇರೆ ಬೇರೆ ಪ್ರಮಾಣದ ಪಟಿಕ ಹಾಕಿ, ಮೊದಲು ಜೋರಾಗಿ, ಆಮೇಲೆ ನಿಧಾನವಾಗಿ ಕಲಕಿ, ಅರ್ಧ ಗಂಟೆ ಸುಮ್ಮನೆ ಬಿಡುತ್ತಿದ್ದೆವು. ಯಾವ ಪಾತ್ರೆಯ ನೀರು ಚೆನ್ನಾಗಿ ತಿಳಿಯಾಯಿತೋ ಅದರಲ್ಲಿದ್ದ ಅಳತೆಯೇ ಆ ನೀರಿಗೆ ತಕ್ಕ ಅಳತೆ. ಮಣ್ಣಿನ ಸಣ್ಣ ಕಣಗಳ ಮೇಲೆ ಋಣ ವಿದ್ಯುದಂಶ ಇರುತ್ತದೆ. ಅವು ಒಂದನ್ನೊಂದು ದೂರ ತಳ್ಳುತ್ತಾ ನೀರಿನಲ್ಲೇ ತೇಲಾಡುತ್ತವೆ. ಪಟಿಕದ ಧನ ವಿದ್ಯುದಂಶ ಆ ಜಗಳ ಬಿಡಿಸುತ್ತದೆ. ಆಗ ಕಣಗಳು ಒಟ್ಟುಗೂಡಿ ಹತ್ತಿಯ ಉಂಡೆಯಂತಾಗಿ ತಳಕ್ಕೆ ಇಳಿಯುತ್ತವೆ.

ನಮ್ಮಜ್ಜಿ ಕೆರೆಯ ಕೆಂಪು ನೀರು ತಂದಾಗ ಮಡಕೆಯ ಒಳಮೈಗೆ ಚಿಲ್ಲದ ಬೀಜ ತೇಯುತ್ತಿದ್ದರು. ಬೆಳಗಾಗುವಷ್ಟರಲ್ಲಿ ನೀರು ತಿಳಿಯಾಗಿರುತ್ತಿತ್ತು. ಸಂಸ್ಕೃತದಲ್ಲಿ ಇದಕ್ಕೆ ‘ಕತಕ’ ಎನ್ನುತ್ತಾರೆ. ಸುಶ್ರುತ ಸಂಹಿತೆಯಲ್ಲೂ ಇದರ ಮಾತಿದೆ. ಕೆಲವು ಕಡೆ ನುಗ್ಗೆ ಬೀಜದ ಪುಡಿಯನ್ನೂ ಬಳಸುತ್ತಾರೆ. ಅದರಲ್ಲಿರುವ ಪ್ರೋಟೀನ್ ಕೂಡ ಧನ ವಿದ್ಯುದಂಶ ಹೊತ್ತದ್ದೇ. ಕಾರಣ ನಮಗೆ ಪುಸ್ತಕದಲ್ಲಿ ಸಿಕ್ಕಿತು, ಕೆಲಸವನ್ನು ಅಜ್ಜಿ ಎಂದೋ ಮಾಡಿ ಮುಗಿಸಿದ್ದರು.

ಆದರೆ ತಿಳಿಯಾದ ನೀರೆಲ್ಲ ಒಳ್ಳೆಯ ನೀರೇ? ಕೊನೆಯ ವರ್ಷದ ಪ್ರಾಜೆಕ್ಟ್‌ಗೆಂದು ನಾವು ನಾಲ್ವರು ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಒಂದು ಹಳ್ಳಿಗೆ ಹೋದಾಗ ಈ ಪ್ರಶ್ನೆ ಎದುರಾಯಿತು. ಅಲ್ಲಿನ ಕೊಳವೆಬಾವಿಯ ನೀರು ಗಾಜಿನಷ್ಟು ಸ್ವಚ್ಛ. ವಾಸನೆ ಇಲ್ಲ, ಕುಡಿಯಲು ಹಿತ. ಶಾಲೆಯ ಐದನೇ ತರಗತಿಯ ಹುಡುಗಿಯೊಬ್ಬಳು ಮಾತ್ರ ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ಮಾತಾಡುತ್ತಿದ್ದಳು. ಅವಳ ಹಲ್ಲಿನ ಮೇಲೆ ಕಂದು ಪಟ್ಟೆಗಳಿದ್ದವು.

“ದಿನಾ ಎರಡು ಸಲ ಉಜ್ತೀನಿ ಅಕ್ಕಾ. ಇದ್ದಿಲಲ್ಲೂ ಉಜ್ಜಿದೆ. ಹೋಗಲ್ಲ. ಸರಿಯಾಗಿ ಉಜ್ಜಲ್ಲ ಅಂತ ಅಜ್ಜಿ ಬೈತಾರೆ” ಎಂದಳು.

ನಾವು ಅವರ ಮನೆಯ ನೀರನ್ನು ಪರೀಕ್ಷೆ ಮಾಡಿದೆವು. ಆ ಪರೀಕ್ಷೆಯಲ್ಲಿ ಒಂದು ಕೆಂಪು ದ್ರಾವಣ ಬಳಸುತ್ತಾರೆ. ನೀರಿನಲ್ಲಿ ಫ್ಲೋರೈಡ್ ಹೆಚ್ಚಿದಷ್ಟೂ ಆ ಕೆಂಪು ಮಾಸುತ್ತದೆ. ನಮ್ಮ ಕಣ್ಣೆದುರೇ ಬಣ್ಣ ಮಾಸಿತು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು. ಬೇರೆ ನೀರೇ ಸಿಗದ ಕಡೆ 1.5 ಮಿಲಿಗ್ರಾಂವರೆಗೆ. ಒಂದು ಲೀಟರ್ ನೀರು ತೂಗುವುದು 10 ಲಕ್ಷ ಮಿಲಿಗ್ರಾಂ. ಅಂದರೆ 10 ಲಕ್ಷದಲ್ಲಿ ಒಂದೆರಡು ಪಾಲಿನ ಲೆಕ್ಕ ಇದು! ಆ ನೀರು ಮಿತಿ ದಾಟಿತ್ತು.

ಅಜ್ಜಿಯ ಮುಂದೆ ಎರಡು ಬಾಟಲಿಗಳನ್ನಿಟ್ಟು ತೋರಿಸಿದೆವು. ಕಾಯಂ ಹಲ್ಲುಗಳು ಎಳವೆಯಿಂದ ಸುಮಾರು 8 ವರ್ಷದವರೆಗೆ ವಸಡಿನೊಳಗೆ ರೂಪುಗೊಳ್ಳುತ್ತವೆ, ಆಗ ಫ್ಲೋರೈಡ್ ಹೆಚ್ಚಾದರೆ ಹಲ್ಲು ಹುಟ್ಟುವಾಗಲೇ ಕಲೆ ಹೊತ್ತು ಬರುತ್ತದೆ, ಉಜ್ಜಿದರೆ ಹೋಗುವುದಿಲ್ಲ ಎಂದು ವಿವರಿಸಿದೆವು. ಹಲವು ವರ್ಷ ಇಂಥ ನೀರನ್ನೇ ಕುಡಿದರೆ ಮೂಳೆ, ಕೀಲುಗಳಿಗೂ ತೊಂದರೆ. ಅಜ್ಜಿ ಬಹಳ ಹೊತ್ತು ಬಾಟಲಿ ನೋಡಿದರು. “ಹಂಗಾದ್ರೆ ಮಗೀದು ತಪ್ಪಿಲ್ಲ” ಎಂದು ಮೊಮ್ಮಗಳನ್ನು ಹತ್ತಿರಕ್ಕೆ ಎಳೆದುಕೊಂಡರು. ಆ ಮನೆಯಲ್ಲಿ ಎರಡು ವರ್ಷದ ಗಂಡುಮಗುವೂ ಇತ್ತು. ಅವನ ಹಲ್ಲನ್ನು ಇನ್ನೂ ಉಳಿಸಬಹುದಿತ್ತು.

“ಕುದಿಸಿ ಕೊಟ್ಟರೆ?” ಎಂದರು ಅಜ್ಜಿ. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಅದು ಒಂದಿಷ್ಟು ಹೆಚ್ಚೇ ಆಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗದು. ಚಿಲ್ಲದ ಬೀಜ ಮಣ್ಣಿಗೆ ಮದ್ದು, ಇದಕ್ಕಲ್ಲ. ಜ್ವರಕ್ಕೊಂದು ಔಷಧ, ಗಾಯಕ್ಕೊಂದು ಔಷಧ ಇದ್ದಂತೆ ನೀರಿನ ಒಂದೊಂದು ದೋಷಕ್ಕೂ ಅದರದೇ ಚಿಕಿತ್ಸೆ. ಮೊದಲು ಕಾಯಿಲೆ ಯಾವುದೆಂದು ಅಳೆದು ತಿಳಿಯಬೇಕು. ನಾಲ್ಕು ವರ್ಷದ ಓದಿನ ಸಾರ ಇದೇ.

ಈ ಫ್ಲೋರೈಡ್ ಬಂದದ್ದು ಎಲ್ಲಿಂದ? ನೆಲದಾಳದ ಬಂಡೆಗಳಿಂದ. ಮಳೆಯ ನೀರು ತುಂಬಿದ ಕೆರೆಯಲ್ಲಿ ಅದು ತೀರಾ ಕಡಿಮೆ. ಕೆರೆ ಬತ್ತಿ, ಕೊಳವೆಬಾವಿ ಆಳಕ್ಕಿಳಿದಂತೆ ಬಂಡೆಯ ನಡುವೆ ಬಹುಕಾಲ ನಿಂತ ನೀರು ಮೇಲೆ ಬರುತ್ತದೆ. ಹಿರಿಯರ ಕ್ರಮಗಳು ಆ ಕಾಲದ ನೀರಿಗೆ ಸರಿಯಾಗಿಯೇ ಇದ್ದವು. ಈಗ ನೀರೇ ಬದಲಾಗಿದೆ.

ದಾರಿಗಳೂ ಇವೆ. ನಾಗಪುರದ ‘ನೀರಿ’ ಸಂಸ್ಥೆ ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಪಟಿಕ ಮತ್ತು ಸುಣ್ಣವನ್ನು ಅಳತೆಗೆ ತಕ್ಕಂತೆ ಹಾಕಿ ಫ್ಲೋರೈಡ್ ತೆಗೆಯುತ್ತಾರೆ. ಊರಿನ ಶುದ್ಧ ನೀರಿನ ಘಟಕದ ಆರ್‌ಒ ಯಂತ್ರವೂ ತೆಗೆಯುತ್ತದೆ. ಆದರೆ ತೆಗೆದದ್ದು ಮಾಯವಾಗುವುದಿಲ್ಲ, ಯಂತ್ರ ಹೊರಗೆ ಬಿಡುವ ನೀರಿನಲ್ಲಿ ಇನ್ನಷ್ಟು ಗಟ್ಟಿಯಾಗಿ ಸೇರಿರುತ್ತದೆ. ಅದನ್ನು ಎಲ್ಲಿ ಬಿಡಬೇಕೆಂದು ಯೋಚಿಸುವುದೂ ಇಂಜಿನಿಯರನ ಕೆಲಸವೇ.

ಮಳೆ ನೀರಿನ ಲೆಕ್ಕವನ್ನು ನೀವೇ ಮಾಡಿ ನೋಡಿ, ಮಕ್ಕಳೇ. 100 ಚದರ ಮೀಟರ್ ಚಾವಣಿಯ ಮೇಲೆ ವರ್ಷಕ್ಕೆ 500 ಮಿಲಿಮೀಟರ್ ಮಳೆ ಬಿದ್ದರೆ 50,000 ಲೀಟರ್. ನೂರಕ್ಕೆ 80 ಪಾಲು ಹಿಡಿದರೂ 40,000 ಲೀಟರ್. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರ್ ಎಂದರೆ ವರ್ಷಕ್ಕೆ ಬೇಕಾದದ್ದು 9,125 ಲೀಟರ್ ಮಾತ್ರ! ಮೊದಲ ಮಳೆಯಲ್ಲಿ ಚಾವಣಿಯ ಕೊಳೆ ತೊಳೆದು ಹೋಗಲು ಬಿಟ್ಟು, ಆಮೇಲಿನದನ್ನು ಸೋಸಿ, ಮುಚ್ಚಿದ ತೊಟ್ಟಿಯಲ್ಲಿ ಹಿಡಿಯಬೇಕು.

ಆ ಅಜ್ಜಿ ಮರುದಿನವೇ ಒಂದು ಬಿಂದಿಗೆಯನ್ನು ಬೇರೆ ಇಟ್ಟರು. ಘಟಕದ ನೀರು ಕುಡಿಯಲು ಮತ್ತು ಅಡುಗೆಗೆ, ಕೊಳವೆಬಾವಿಯದು ಸ್ನಾನಕ್ಕೆ, ಬಟ್ಟೆಗೆ. ಅಡುಗೆಗೂ ಒಳ್ಳೆಯ ನೀರೇ ಬೇಕೆಂಬುದನ್ನು ಅವರು ಪಕ್ಕದ ಮನೆಯವರಿಗೂ ಹೇಳಿದರು. ಹುಡುಗಿ ನಮ್ಮ ಜೊತೆ ಮನೆಮನೆಗೆ ಬಂದು ನೀರಿನ ಬಾಟಲಿಗಳ ಮೇಲೆ ಚೀಟಿ ಅಂಟಿಸಿದಳು. ಎರಡು ಕೈಗೂ ಕೆಲಸವಿದ್ದುದರಿಂದ ಬಾಯಿ ಮುಚ್ಚಿಕೊಳ್ಳಲು ಅವಳಿಗೆ ಪುರಸೊತ್ತಾಗಲಿಲ್ಲ.

ಈ ವಾರ ಮನೆಯಲ್ಲಿ ಮೂರು ಪ್ರಶ್ನೆ ಕೇಳಿ: ನಾವು ಕುಡಿಯುವ ನೀರು ಎಲ್ಲಿಂದ ಬರುತ್ತದೆ? ಅದರ ಪರೀಕ್ಷೆ ಯಾವಾಗ ಆಗಿದೆ? ಬಳಸಿದ ನೀರು ಎಲ್ಲಿಗೆ ಹೋಗುತ್ತದೆ? ಮೊದಲನೆಯದಕ್ಕೆ ತಾತ, ಅಜ್ಜಿಯರ ಬಳಿ ಉತ್ತರ ಇರುತ್ತದೆ. ಹಿಂದೆ ಎಲ್ಲಿಂದ ಬರುತ್ತಿತ್ತು ಎಂಬುದನ್ನೂ ಅವರು ಹೇಳುತ್ತಾರೆ. ಎರಡನೆಯದಕ್ಕೆ ಉತ್ತರ ಸಿಗದಿದ್ದರೆ ಅವರ ಕೈ ಹಿಡಿದುಕೊಂಡು ಗ್ರಾಮ ಪಂಚಾಯಿತಿಗೋ ನೀರಿನ ಕಚೇರಿಗೋ ಹೋಗಿ ವಿಚಾರಿಸಿ. ಮೂರನೆಯದನ್ನು ಬಚ್ಚಲಿನ ಕೊಳವೆಯ ಜಾಡು ಹಿಡಿದು ನೀವೇ ಹುಡುಕಿ.