ಇಂಚಿಗೊಂದು ಅಡಿ: ಗೊಂಬೆಮನೆ ಕಟ್ಟಿದ ದೊಡ್ಡವರು

1921ರಲ್ಲಿ ವಾಸ್ತುಶಿಲ್ಪಿ ಎಡ್ವಿನ್ ಲುಟಿಯನ್ಸ್ ಅವರಿಗೆ ಕೈತುಂಬ ಕೆಲಸವಿತ್ತು. ದೆಹಲಿಯ ರೈಸಿನಾ ಗುಡ್ಡದ ಮೇಲೆ ವೈಸ್‌ರಾಯ್ ನಿವಾಸ, ಅಂದರೆ ಇವತ್ತಿನ ರಾಷ್ಟ್ರಪತಿ ಭವನ, ಮೇಲೇಳುತ್ತಿತ್ತು. 340 ಕೋಣೆಗಳ ಆ ಕಟ್ಟಡ ಮುಗಿಯಲು 1929 ಬರಬೇಕಾಯಿತು. ಅಂಥ ಹೊತ್ತಿನಲ್ಲೇ ಅವರು ಇನ್ನೊಂದು ಅರಮನೆಯ ನಕ್ಷೆ ಬರೆಯಲು ಕೂತರು. ಉದ್ದ ಸುಮಾರು ಎಂಟೂವರೆ ಅಡಿ, ಅಗಲ ಐದು ಅಡಿ. ಅಷ್ಟೇ. ಅದು ಗೊಂಬೆಮನೆ.

ಮನೆ ಯಾರಿಗೆಂದರೆ ಐದನೇ ಜಾರ್ಜ್ ದೊರೆಯ ಪತ್ನಿ ರಾಣಿ ಮೇರಿಗೆ. 1911ರ ದೆಹಲಿ ದರ್ಬಾರಿಗೆ ಗಂಡನ ಜೊತೆ ಬಂದಿದ್ದ ರಾಣಿ ಇವರೇ. ಪುಟ್ಟ ಪುಟ್ಟ ವಸ್ತುಗಳೆಂದರೆ ಅವರಿಗೆ ಪ್ರಾಣ. ಮೊದಲ ಮಹಾಯುದ್ಧ ಮುಗಿದ ಮೇಲೆ ಅವರಿಗೊಂದು ಉಡುಗೊರೆ ಕೊಡಬೇಕೆಂದು ರಾಜಕುಮಾರಿ ಮೇರಿ ಲೂಯಿಸ್ ಅವರು ಲುಟಿಯನ್ಸ್ ಅವರನ್ನು ಕೇಳಿದರು. ಅವರು ಒಪ್ಪಿದ್ದಷ್ಟೇ ಅಲ್ಲ, ದೊಡ್ಡ ಬಂಗಲೆಗೆ ಕೊಡುವಷ್ಟೇ ಗಮನವನ್ನು ಇದಕ್ಕೂ ಕೊಟ್ಟರು. ಸುಮಾರು ಒಂದೂವರೆ ಸಾವಿರ ಕುಶಲಕರ್ಮಿಗಳು, ಕಲಾವಿದರು, ಲೇಖಕರು ಈ ಮನೆಗಾಗಿ ದುಡಿದರು.

ಇಂಗ್ಲೆಂಡಿನ ವಿಂಡ್ಸರ್ ಕೋಟೆಯಲ್ಲಿ ಇಂದಿಗೂ ಇರುವ ಆ ಮನೆಯಲ್ಲಿ ವಿದ್ಯುತ್ ದೀಪಗಳಿವೆ, ಲಿಫ್ಟ್ ಇದೆ. ಕೊಳಾಯಿಯಲ್ಲಿ ಬಿಸಿನೀರು, ತಣ್ಣೀರು ಬರುವಂತೆ ಕೊಳವೆ ಎಳೆದಿದ್ದಾರೆ. ಶೌಚಾಲಯದ ಫ್ಲಶ್ ಕೂಡ ಕೆಲಸ ಮಾಡುವಂಥದ್ದು. ನೆಲಮಾಳಿಗೆಯ ಪುಟಾಣಿ ಬಾಟಲಿಗಳಲ್ಲಿ ತುಂಬಿದ್ದು ನಿಜವಾದ ವೈನು. ಗ್ಯಾರೇಜಿನಲ್ಲಿ ರೋಲ್ಸ್ ರಾಯ್ಸ್ ನಿಂತಿದೆ. ತಳದ ಡ್ರಾಯರ್ ಎಳೆದರೆ ಒಂದು ತೋಟವೇ ಹೊರಬರುತ್ತದೆ. ಅದನ್ನು ರೂಪಿಸಿದವರು ಆ ಕಾಲದ ಹೆಸರಾಂತ ಉದ್ಯಾನ ವಿನ್ಯಾಸಕಿ ಗರ್ಟ್ರೂಡ್ ಜೆಕಿಲ್. ಗ್ರಂಥಾಲಯದ ಕಪಾಟುಗಳಲ್ಲಿ ಹೆಬ್ಬೆರಳಿನಷ್ಟು ಎತ್ತರದ ಪುಸ್ತಕಗಳಿವೆ. ಆರ್ಥರ್ ಕಾನನ್ ಡಾಯ್ಲ್ ಈ ಮನೆಗೆಂದೇ ಷರ್ಲಾಕ್ ಹೋಮ್ಸ್‌ನ ಹೊಸದೊಂದು ಕಿರುಗತೆ ಬರೆದುಕೊಟ್ಟರು. 1924ರಲ್ಲಿ ವೆಂಬ್ಲಿಯ ಸಾಮ್ರಾಜ್ಯ ಪ್ರದರ್ಶನದಲ್ಲಿ ಇದನ್ನು ನೋಡಲು 16 ಲಕ್ಷಕ್ಕೂ ಹೆಚ್ಚು ಜನ ಬಂದರು.

ಮನೆ ಕಟ್ಟುವವರು, ಮನೆಯ ಒಳಗನ್ನು ಸಿಂಗರಿಸುವವರು ಗೊಂಬೆಮನೆಗೆ ಕೈಹಾಕುವುದು ಲುಟಿಯನ್ಸ್ ಅವರೊಬ್ಬರ ಕತೆಯಲ್ಲ. ನೂರು ವರ್ಷಗಳಿಂದ ಅದು ಮತ್ತೆ ಮತ್ತೆ ನಡೆದಿದೆ. ಕೋಟಿಗಟ್ಟಲೆ ಖರ್ಚಿನ ಮನೆಗಳನ್ನು ಒಪ್ಪಮಾಡಿದ ಕೈಗಳು ಬೆರಳುದ್ದದ ಸೋಫಾಕ್ಕೆ ಬಟ್ಟೆ ಹೊದಿಸಲು ಕೂರುತ್ತವೆ. ಕೂತಮೇಲೆ ಗೊತ್ತಾಗುತ್ತದೆ, ಇದು ಸುಲಭದ ಕೆಲಸವಲ್ಲವೆಂದು.

ಕಷ್ಟವಿರುವುದು ಅಳತೆಯಲ್ಲಿ. ಗೊಂಬೆಮನೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಪ್ರಮಾಣ ಹನ್ನೆರಡಕ್ಕೆ ಒಂದು. ನಿಜದ ಮನೆಯ ಒಂದು ಅಡಿ ಇಲ್ಲಿ ಒಂದು ಇಂಚು. ನಮ್ಮ ಬೆಂಗಳೂರಿನ ಲೆಕ್ಕದಲ್ಲಿ ಹೇಳುವುದಾದರೆ, ಮೂವತ್ತು-ನಲವತ್ತರ ಸೈಟು ಮೂವತ್ತು ಇಂಚು, ನಲವತ್ತು ಇಂಚಿಗೆ ಇಳಿಯುತ್ತದೆ. ಒಂದು ಮೇಜಿನ ಮೇಲೆ ಇಡೀ ಸೈಟು! ಏಳಡಿಯ ಬಾಗಿಲು ಏಳಿಂಚು, ಹದಿನೆಂಟು ಇಂಚು ಎತ್ತರದ ಕುರ್ಚಿಯ ಆಸನ ಒಂದೂವರೆ ಇಂಚು, ಊಟದ ಚಮಚ ಅರ್ಧ ಇಂಚು. ಉದ್ದ ಹನ್ನೆರಡು ಪಾಲು ಕುಗ್ಗಿದರೆ ವಿಸ್ತೀರ್ಣ 144 ಪಾಲು ಕುಗ್ಗುತ್ತದೆ, ಗಾತ್ರ 1,728 ಪಾಲು. ತೂಕವೂ ಅದರ ಜೊತೆಗೇ ಇಳಿಯುತ್ತದೆ. ತೊಡಕು ಶುರುವಾಗುವುದು ಇಲ್ಲಿಂದಲೇ.

ಒಂದು ಪರದೆಯನ್ನು ನೋಡೋಣ. ನಿಜದ ಕಿಟಕಿಯಲ್ಲಿ ಪರದೆ ತನ್ನ ತೂಕದಿಂದಲೇ ನೆರಿಗೆ ನೆರಿಗೆಯಾಗಿ ಇಳಿಬೀಳುತ್ತದೆ. ಅದೇ ಬಟ್ಟೆಯನ್ನು ಐದಿಂಚಿಗೆ ಕತ್ತರಿಸಿ ಗೊಂಬೆಮನೆಯ ಕಿಟಕಿಗೆ ಕಟ್ಟಿದರೆ ರಟ್ಟಿನ ಹಾಗೆ ಸೆಟೆದು ನಿಲ್ಲುತ್ತದೆ. ಬಟ್ಟೆಯ ದಪ್ಪ, ಬಿಗಿ ಎರಡೂ ಹಾಗೇ ಉಳಿದಿವೆ. ಕೆಳಗೆಳೆಯಬೇಕಾದ ತೂಕ ಮಾತ್ರ ಇಲ್ಲ. ಹಾಗಾಗಿ ಈ ಕಸುಬು ಬಲ್ಲವರು ತೆಳುವಾದ ರೇಷ್ಮೆಯನ್ನೋ ಹತ್ತಿಯನ್ನೋ ಆರಿಸಿಕೊಂಡು, ಒದ್ದೆಮಾಡಿ, ಹಲಗೆಯ ಮೇಲೆ ಒಂದೊಂದು ನೆರಿಗೆಗೂ ಗುಂಡುಸೂಜಿ ಚುಚ್ಚಿ, ಗಂಜಿಯನ್ನೋ ತೆಳು ಅಂಟನ್ನೋ ಹಾಕಿ ಒಣಗಿಸುತ್ತಾರೆ. ಒಣಗಿದ ಮೇಲೆ ಸೂಜಿ ಕಿತ್ತರೆ ಪರದೆ ಇಳಿಬಿದ್ದಂತೆ ಕಾಣುತ್ತದೆ. ದೊಡ್ಡ ಮನೆಯಲ್ಲಿ ಬಟ್ಟೆ ತಾನಾಗಿ ಮಾಡಿಕೊಳ್ಳುವುದನ್ನು ಇಲ್ಲಿ ಕೈಯಿಂದ ಮಾಡಿಸಬೇಕು.

ಮರದ್ದೂ ಅದೇ ಪಾಡು. ತೇಗದ ಹಲಗೆಯ ಅಗಲ ಗೆರೆಗಳು ದೊಡ್ಡ ಮೇಜಿನ ಮೇಲೆ ಚೆಂದ. ಮೂರಿಂಚಿನ ಮೇಜಿನ ಮೇಲೆ ಒಂದೇ ಗೆರೆ ಪೂರ್ತಿ ಹಲಗೆಯನ್ನು ನುಂಗಿಬಿಡುತ್ತದೆ. ಅದಕ್ಕಾಗಿಯೇ ಈ ಕೆಲಸಕ್ಕೆ ಪೇರ್, ಚೆರ್ರಿ, ಬಾಕ್ಸ್‌ವುಡ್‌ನಂಥ ನುಣುಪು ಎಳೆಯ ಮರಗಳೇ ಬೇಕು. ನಮ್ಮ ಚನ್ನಪಟ್ಟಣದ ಬೊಂಬೆ ಕಡೆಯುವವರು ತಲೆಮಾರುಗಳಿಂದ ಆಲೆ ಮರವನ್ನು ನೆಚ್ಚಿಕೊಂಡಿರುವುದಕ್ಕೂ ಅದರ ದಂತದ ಬಣ್ಣ, ನುಣ್ಣನೆಯ ಎಳೆ, ಚಿಕ್ಕದಾಗಿ ಕಡೆದರೂ ಸೀಳದ ಗುಣವೇ ಕಾರಣ.

ನೀರನ್ನಂತೂ ಯಾರೂ ಕುಗ್ಗಿಸಲಾರರು. ಹನಿ ಹನಿಯೇ. ವಿಂಡ್ಸರಿನ ಪುಟ್ಟ ತೊಟ್ಟಿಗೆ ಒಂದು ಹನಿ ಬಿದ್ದರೆ ಗೊಂಬೆಯ ಲೆಕ್ಕದಲ್ಲಿ ಅದು ಮುಷ್ಟಿಗಾತ್ರದ್ದು.

ಈ ಎಲ್ಲ ತೊಡಕುಗಳನ್ನು ಗೆದ್ದವರಲ್ಲಿ ಮೇಲುಗೈ ಯಾರದೆಂದು ಕೇಳಿದರೆ ಲುಟಿಯನ್ಸ್ ಅವರಿಗಿಂತ ಮೊದಲು ಹೇಳಬೇಕಾದ ಹೆಸರು ಷಿಕಾಗೋದ ನಾರ್ಸಿಸಾ ನಿಬ್ಲಾಕ್ ಥಾರ್ನ್ ಅವರದು. ಅವರು ವೃತ್ತಿಯಿಂದ ವಿನ್ಯಾಸಕಿಯಲ್ಲ, ಶ್ರೀಮಂತ ಮನೆತನದ ಗೃಹಿಣಿ. ಚಿಕ್ಕಂದಿನಿಂದ ಕಿರುವಸ್ತುಗಳನ್ನು ಕೂಡಿಡುವ ಹುಚ್ಚು. ನೌಕಾಪಡೆಯಲ್ಲಿದ್ದ ಚಿಕ್ಕಪ್ಪ ಹೋದ ಹೋದ ಬಂದರುಗಳಿಂದ ಕಳಿಸುತ್ತಿದ್ದರಂತೆ. 1930ರ ದಶಕದಲ್ಲಿ ಅವರು ವಾಸ್ತುಶಿಲ್ಪಿಗಳನ್ನೂ ಬಡಗಿಗಳನ್ನೂ ಲೋಹದ ಕೆಲಸದವರನ್ನೂ ಒಂದುಗೂಡಿಸಿದರು. ಅಮೆರಿಕಕ್ಕೆ ಆರ್ಥಿಕ ಕುಸಿತ ಬಡಿದಿದ್ದ ಕಾಲವದು. ದೊಡ್ಡ ಮನೆ ಕಟ್ಟಿಸುವವರೇ ಇಲ್ಲದೆ ಕೈಕಟ್ಟಿ ಕೂತಿದ್ದ ನುರಿತ ಕುಶಲಕರ್ಮಿಗಳಿಗೆ ಈ ಪುಟ್ಟ ಕೋಣೆಗಳು ಅನ್ನ ಕೊಟ್ಟವು.

ಹಾಗೆ ಮೂಡಿದ ಕೋಣೆಗಳಲ್ಲಿ 68 ಇವತ್ತು ಷಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿವೆ. ಯುರೋಪಿನ 13ನೇ ಶತಮಾನದ ಕೊನೆಯಿಂದ 1930ರ ದಶಕದವರೆಗಿನ ಒಳಾಂಗಣಗಳು ಒಂದು ಕಡೆ, ಅಮೆರಿಕದ 17ನೇ ಶತಮಾನದಿಂದೀಚಿನವು ಇನ್ನೊಂದು ಕಡೆ. ಗಾಜಿನ ಹಿಂದೆ ಕಣ್ಣಿಟ್ಟು ನೋಡಿದರೆ ಮೊದಲು ಕಾಣುವುದು ಪೀಠೋಪಕರಣವಲ್ಲ, ಬೆಳಕು. ಕಿಟಕಿಯಾಚೆಯಿಂದ ಬೆಳಗಿನ ಬಿಸಿಲೋ ಇಳಿಹೊತ್ತಿನ ಬೆಳಕೋ ಒಳಗೆ ಬೀಳುತ್ತಿರುತ್ತದೆ. ಒಂದು ಬಾಗಿಲು ಅರೆತೆರೆದಿದೆ. ಅದರಾಚೆ ಪಡಸಾಲೆ, ಅದರಾಚೆ ಮೆಟ್ಟಿಲು, ಇಲ್ಲವೇ ತೋಟದ ಒಂದು ತುಣುಕು. ಕುರ್ಚಿಯ ಬಳಿ ಅರ್ಧಕ್ಕೆ ಬಿಟ್ಟ ಹೆಣಿಗೆ, ಮೇಜಿನ ಮೇಲೆ ಮಡಿಸಿಟ್ಟ ಕನ್ನಡಕ. ಮನುಷ್ಯರ ಬೊಂಬೆ ಮಾತ್ರ ಇಲ್ಲ. ಥಾರ್ನ್ ಬೇಕೆಂದೇ ಬಿಟ್ಟರು, ಬಿಟ್ಟದ್ದೇ ಸರಿ. ಬೊಂಬೆಯೊಂದನ್ನು ಕೂರಿಸಿದ್ದರೆ ಕಣ್ಣು ತಕ್ಷಣ ಇದು ಆಟಿಕೆ ಎಂದುಬಿಡುತ್ತಿತ್ತು. ಈಗ ಹಾಗಿಲ್ಲ, ಮನೆಯವರು ಈಗಷ್ಟೇ ಎದ್ದು ಒಳಗೆ ಹೋಗಿದ್ದಾರೆ, ಬರುತ್ತಾರೆ ಅನ್ನಿಸುತ್ತದೆ.

ಇಂಥ ಮನೆಗಳಿಗೆ ಇನ್ನೂ ಹಳೆಯ ಬೇರುಗಳಿವೆ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂನಲ್ಲಿರುವ ಪೆಟ್ರೊನೆಲ್ಲಾ ಊರ್ಟ್‌ಮನ್ ಅವರ ಗೊಂಬೆಮನೆ 17ನೇ ಶತಮಾನದ ಕೊನೆಯ ಹೊತ್ತಿನದು. ರೇಷ್ಮೆ ವ್ಯಾಪಾರಿಯ ಹೆಂಡತಿಯಾಗಿದ್ದ ಆಕೆ ಅದಕ್ಕೆ ಸುರಿದ ಹಣದಲ್ಲಿ ಅದೇ ಊರಿನ ಕಾಲುವೆ ದಂಡೆಯಲ್ಲಿ ನಿಜವಾದ ಮನೆಯನ್ನೇ ಕೊಳ್ಳಬಹುದಿತ್ತು. ನ್ಯೂಯಾರ್ಕಿನ ಕ್ಯಾರಿ ಸ್ಟೆಟ್‌ಹೈಮರ್ 1916ರಲ್ಲಿ ತಮ್ಮದನ್ನು ಶುರುಮಾಡಿ ಸುಮಾರು ಎರಡು ದಶಕ ಕೆಲಸಮಾಡಿದರು. ಅವರ ಗೆಳೆಯ ಮಾರ್ಸೆಲ್ ದುಶಾಂ ತಮ್ಮ ಹೆಸರಾಂತ ಚಿತ್ರವೊಂದನ್ನು ಅದಕ್ಕೆಂದೇ ಅಂಗೈಯಷ್ಟರಲ್ಲಿ ಮತ್ತೆ ಬರೆದುಕೊಟ್ಟರು.

ಇತ್ತೀಚಿನ ವಿನ್ಯಾಸಕರು ಹಿಡಿದ ದಾರಿ ಬೇರೆ. ಹಳೆಯ ಮನೆಗಳ ನಕಲು ಅವರಿಗೆ ಬೇಡ. 2001ರಲ್ಲಿ ಅಮೆರಿಕದ ಕಲಾವಿದೆ ಲಾರಿ ಸಿಮನ್ಸ್ ಮತ್ತು ವಾಸ್ತುಶಿಲ್ಪಿ ಪೀಟರ್ ವೀಲ್‌ರೈಟ್ ಸೇರಿ ಕೆಲೈಡೊಸ್ಕೋಪ್ ಹೌಸ್ ಎಂಬ ಗೊಂಬೆಮನೆಯನ್ನು ಮಾರುಕಟ್ಟೆಗೆ ತಂದರು. ಅದರ ಗೋಡೆಗಳು ಬಣ್ಣಬಣ್ಣದ ಅರೆಪಾರದರ್ಶಕ ಹಾಳೆಗಳು. ಸರಿಸಿದರೆ ಒಂದರ ಮೇಲೊಂದು ಬಂದು ಕೋಣೆಯ ಬಣ್ಣವೇ ಬದಲಾಗುತ್ತದೆ. ಒಳಗಿಡುವ ಪೀಠೋಪಕರಣಗಳಿಗೆ ಕರೀಮ್ ರಶೀದ್, ರಾನ್ ಅರಾದ್ ಅವರಂಥ ಹೆಸರಾಂತ ವಿನ್ಯಾಸಕರು ರೂಪ ಕೊಟ್ಟರು. ಮಕ್ಕಳ ಆಟಿಕೆಯೆಂದು ಅಂಗಡಿಗೆ ಬಂದದ್ದು ಇವತ್ತು ಸಂಗ್ರಾಹಕರು ಹುಡುಕಿ ಕೊಳ್ಳುವ ವಸ್ತು.

2009ರಲ್ಲಿ ಕೆಲಸ ತಲೆಕೆಳಗಾಗಿ ನಡೆಯಿತು. ಬಾರ್ಬಿ ಗೊಂಬೆಗೆ ಐವತ್ತು ತುಂಬಿದಾಗ ಒಳಾಂಗಣ ವಿನ್ಯಾಸಕ ಜೊನಾಥನ್ ಆಡ್ಲರ್ ಕ್ಯಾಲಿಫೋರ್ನಿಯಾದ ಮಾಲಿಬುವಿನಲ್ಲಿ ನಿಜವಾದ ಮನೆಯೊಂದನ್ನು ಬಾರ್ಬಿಯ ಮನೆಯಂತೆ ಸಿಂಗರಿಸಿದರು. ಬಾರ್ಬಿಯ ಮೊದಲ ಮನೆ ಬಂದದ್ದು 1962ರಲ್ಲಿ. ಪೂರ್ತಿ ರಟ್ಟಿನದು, ಒಬ್ಬರಿಗಾಗುವ ಹಾಸಿಗೆ, ಪುಸ್ತಕದ ಕಪಾಟು ಇದ್ದವು, ಅಡುಗೆಮನೆ ಇರಲಿಲ್ಲ. ಆ ಕಾಲದಲ್ಲಿ ಅಮೆರಿಕದ ಒಂಟಿ ಹೆಣ್ಣುಮಗಳಿಗೆ ಮನೆ ಸಾಲ ಸಿಗುವುದೇ ಕಷ್ಟವಿತ್ತು. ಸಾಲದಲ್ಲಿ ಹೆಣ್ಣು-ಗಂಡೆಂಬ ಭೇದ ಕೂಡದೆಂಬ ಕಾನೂನು ಅಲ್ಲಿ ಬಂದದ್ದು 1974ರಲ್ಲಿ. ಹೆಣ್ಣೊಬ್ಬಳ ಸ್ವಂತ ಮನೆ ರಟ್ಟಿನಲ್ಲಾದರೂ ಮೊದಲು ಬಂತು.

ಎಲ್ಲಕ್ಕಿಂತ ಮನಸ್ಸಿಗೆ ಹತ್ತಿರವಾಗುವುದು 2013ರ ಲಂಡನ್ನಿನ ಪ್ರಯೋಗ. ಲುಟಿಯನ್ಸ್ ಅವರ ಗೊಂಬೆಮನೆಯನ್ನೇ ನೆನೆದು 20 ವಾಸ್ತುಶಿಲ್ಪ ಸಂಸ್ಥೆಗಳು ಒಂದೊಂದು ಮನೆ ಮಾಡಿದವು. ಝಹಾ ಹದೀದ್, ಡೇವಿಡ್ ಅಜಾಯಿ ಅವರ ಕಚೇರಿಗಳೂ ಅದರಲ್ಲಿದ್ದವು. ಎಲ್ಲರಿಗೂ ಒಂದು ಮುಖ್ಯ ಷರತ್ತು: ಅಂಗವಿಕಲ ಮಗುವಿನ ಬದುಕನ್ನು ಹಗುರ ಮಾಡುವ ಏನಾದರೊಂದು ಮನೆಯಲ್ಲಿರಬೇಕು. ಹದೀದ್ ಅವರದು ಒಗಟಿನ ತುಂಡುಗಳಂತೆ ಬಿಡಿಸಿ ಜೋಡಿಸುವ ಮರದ ಮನೆ. ಮನೆಗಳೆಲ್ಲ ಬಾನ್‌ಹ್ಯಾಮ್ಸ್‌ನಲ್ಲಿ ಹರಾಜಾದವು. ಬಂದ ಹಣ ಅಂಗವಿಕಲ ಮಕ್ಕಳಿಗಾಗಿ ದುಡಿಯುವ ಕಿಡ್ಸ್ ಎಂಬ ಸಂಸ್ಥೆಗೆ ಹೋಯಿತು. ಬಾಗಿಲು ಎಷ್ಟು ಅಗಲವಿರಬೇಕು, ಮೆಟ್ಟಿಲಿನ ಬದಲು ಇಳಿಜಾರು ಎಲ್ಲಿ ಬೇಕು, ಕೈಗೆ ಸಿಗುವ ಎತ್ತರ ಯಾವುದು ಎಂಬ ಪ್ರಶ್ನೆಗಳನ್ನು ಗೊಂಬೆಯ ಅಳತೆಯಲ್ಲಿ ಕೇಳಿದರೂ ಉತ್ತರ ದೊಡ್ಡ ಮನೆಗೇ ಸಲ್ಲುತ್ತದೆ.

ಗೊಂಬೆ ಕೂರಿಸುವುದು ನಮಗೇನು ಹೊಸತಲ್ಲ. ದಸರೆ ಬಂತೆಂದರೆ ಹಳೇ ಮೈಸೂರಿನ ಮನೆಗಳಲ್ಲಿ ಪಟ್ಟದ ಗೊಂಬೆಗಳ ಕೆಳಗೆ ಊರು, ಸಂತೆ, ಮದುವೆಮನೆ, ಉದ್ಯಾನ ಎಲ್ಲ ಎದ್ದು ನಿಲ್ಲುತ್ತವೆ. ಈ ಸಲ ಒಂದು ಮೂಲೆಯಲ್ಲಿ ನಿಮ್ಮದೇ ಮನೆಯ ಒಂದು ಕೋಣೆಯನ್ನೂ ಮಾಡಿ ನೋಡಿ. ಅಜ್ಜಿಯ ಕಾಲದ ಅಡುಗೆಮನೆಯಾದರೆ ಇನ್ನೂ ಒಳ್ಳೆಯದು. ಟೇಪು ಹಿಡಿದು ಅಳೆಯಿರಿ, ಅಡಿಯನ್ನು ಇಂಚು ಎಂದು ಬರೆದುಕೊಳ್ಳಿ. ಎಂಟಡಿಗೆ ಹನ್ನೆರಡಡಿಯ ಕೋಣೆಯ ನೆಲ ಒಂದು ದೊಡ್ಡ ಬೂಟಿನ ಡಬ್ಬಿಯಷ್ಟಾಗುತ್ತದೆ. ಒರಳು, ನಾಗಂದಿಗೆ, ಗೋಡೆಯ ಗೂಡು, ಹೊಗೆ ಹೋಗುವ ಗವಾಕ್ಷಿ ಎಲ್ಲೆಲ್ಲಿದ್ದವೆಂದು ಮನೆಯ ಹಿರಿಯರನ್ನು ಕೇಳಿ, ಅವರು ಹೇಳಿದಲ್ಲೇ ಇಡಿ.