ವಿಮಾನ ಅಪಘಾತದ ತನಿಖೆ: ಪೈಲಟ್‌ಗೆ ಕಾನೂನಿನ ರಕ್ಷಣೆ ಏಕೆ ಬೇಕು?

1990ರ ಫೆಬ್ರವರಿ 14ರಂದು ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಎ-320 ವಿಮಾನವು ಬೆಂಗಳೂರಿನ ಎಚ್.ಎ.ಎಲ್. ನಿಲ್ದಾಣದ ರನ್‌ವೇ ಮುಟ್ಟುವ ಮೊದಲೇ ಗಾಲ್ಫ್ ಮೈದಾನಕ್ಕೆ ಅಪ್ಪಳಿಸಿತು. ಅದರಲ್ಲಿದ್ದ 146 ಮಂದಿಯಲ್ಲಿ 92 ಮಂದಿ ಮೃತಪಟ್ಟರು. ಆ ಮಾದರಿಯ ವಿಮಾನ ಸಂಸ್ಥೆಗೆ ಬಂದದ್ದು ಹಿಂದಿನ ವರ್ಷವಷ್ಟೆ. ತಪ್ಪು ಹೊಸ ಯಂತ್ರದ್ದೋ, ತರಬೇತಿಯದ್ದೋ, ಚಾಲಕರದ್ದೋ? ಉತ್ತರ ಹೇಳಬೇಕಾಗಿದ್ದ ಇಬ್ಬರು ಪೈಲಟ್‌ಗಳೂ ಬದುಕಿರಲಿಲ್ಲ.

ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ ಅವರ ನೇತೃತ್ವದಲ್ಲಿ ವಿಚಾರಣೆ ನಡೆಯಿತು. ಇಳಿಯುವಾಗ ಎಂಜಿನ್‌ಗಳು ಅತಿ ಕಡಿಮೆ ಶಕ್ತಿಯಲ್ಲಿ ಓಡುತ್ತಿದ್ದವು. ವೇಗ ಕುಸಿಯುತ್ತಿದ್ದುದರ ಗಂಭೀರತೆಯನ್ನು ಪೈಲಟ್‌ಗಳು ಸಕಾಲದಲ್ಲಿ ಅರಿಯಲಿಲ್ಲ ಎಂಬುದು ಕಂಡುಬಂದಿತು. ಆದರೆ ಅವರು ಏಕೆ ಅರಿಯಲಿಲ್ಲ? ಮುಂದಿನ ಅಪಘಾತವನ್ನು ತಪ್ಪಿಸುವುದು ಈ ಎರಡನೆಯ ಪ್ರಶ್ನೆಯ ಉತ್ತರವೇ.

ಇಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಅಪಘಾತ ಏಕಾಯಿತು ಎಂದು ತಿಳಿಯುವುದು ಒಂದು. ಯಾರು ಹೊಣೆ ಎಂದು ತೀರ್ಮಾನಿಸುವುದು ಇನ್ನೊಂದು. 1944ರ ಷಿಕಾಗೋ ಒಪ್ಪಂದದ 13ನೆಯ ಅನುಬಂಧದ ಪ್ರಕಾರ ಸುರಕ್ಷತಾ ತನಿಖೆಯ ಏಕೈಕ ಉದ್ದೇಶ ಅಪಘಾತ ತಡೆಯುವುದು, ದೋಷ ಹೊರಿಸುವುದಲ್ಲ. ಭಾರತದಲ್ಲಿ ಈ ಕೆಲಸಕ್ಕಾಗಿ 2012ರಲ್ಲಿ ವಿಮಾನ ಅಪಘಾತ ತನಿಖಾ ಬ್ಯೂರೋ ಸ್ಥಾಪನೆಯಾಯಿತು.

ಈ ವಿಂಗಡಣೆ ಏಕೆ? ಹೇಳಿದ್ದೆಲ್ಲ ನಾಳೆ ತನ್ನ ಕೊರಳಿಗೇ ಬರುತ್ತದೆ ಎಂದು ತಿಳಿದ ಪೈಲಟ್ ಬಾಯಿ ಬಿಡುವುದಿಲ್ಲ. ಆಗ ನಿಜವಾದ ಕಾರಣ ಮುಚ್ಚಿಹೋಗಿ, ಅದೇ ಕಾರಣಕ್ಕೆ ಇನ್ನೊಂದು ವಿಮಾನ ಬೀಳಬಹುದು. ಆದ್ದರಿಂದಲೇ ತನಿಖೆಯಲ್ಲಿ ಪಡೆದ ಹೇಳಿಕೆಗಳನ್ನೂ ಕಾಕ್‌ಪಿಟ್‌ನ ಧ್ವನಿಮುದ್ರಣವನ್ನೂ ಬೇರೆ ಉದ್ದೇಶಕ್ಕೆ ಸುಲಭವಾಗಿ ಕೊಡಬಾರದೆಂದು ಆ ಅನುಬಂಧ ಹೇಳುತ್ತದೆ. ಆದರೆ ಈ ರಕ್ಷಣೆ ಸಂಪೂರ್ಣವಲ್ಲ. ಬಹಿರಂಗಪಡಿಸುವುದರ ಪ್ರಯೋಜನವು ಅದರ ಹಾನಿಗಿಂತ ಹೆಚ್ಚೆಂದು ಅಧಿಕೃತ ಪ್ರಾಧಿಕಾರ ನಿರ್ಧರಿಸಿದರೆ ಅವನ್ನು ಕೊಡಬಹುದು.

ಹಾಗಾದರೆ ವಕೀಲರ ಪಾತ್ರವೇನು? ಪರವಾನಗಿಯ ಮೇಲೆ ಕ್ರಮ ಕೈಗೊಳ್ಳುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ. ಅಲ್ಲಿ ಆರೋಪವೇನೆಂದು ತಿಳಿಸಿ, ಉತ್ತರ ಕೊಡಲು ಅವಕಾಶ ನೀಡುವುದು ಸಹಜ ನ್ಯಾಯ. 2025ರ ಜನವರಿ 1ರಿಂದ ಜಾರಿಯಲ್ಲಿರುವ ಭಾರತೀಯ ವಾಯುಯಾನ ಅಧಿನಿಯಮದಲ್ಲಿ ದಂಡದ ಆದೇಶದ ವಿರುದ್ಧ ಎರಡು ಹಂತದ ಮೇಲ್ಮನವಿಗೆ ಅವಕಾಶವಿದೆ. ಪೊಲೀಸ್ ಮೊಕದ್ದಮೆಯಾದರೆ ಸಂವಿಧಾನವೇ ನೆರವಿಗೆ ಬರುತ್ತದೆ: 20(3)ನೆಯ ವಿಧಿಯಂತೆ ಆರೋಪಿಯನ್ನು ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯುವಂತೆ ಬಲವಂತಪಡಿಸುವಂತಿಲ್ಲ, 22(1)ನೆಯ ವಿಧಿಯಂತೆ ಬಂಧಿತನು ತನಗೆ ಬೇಕಾದ ವಕೀಲರನ್ನು ಕಾಣಬಹುದು. ಕ್ಷಣಮಾತ್ರದ ತಪ್ಪು ಅಂದಾಜು ಬೇರೆ, ಶಿಕ್ಷಾರ್ಹ ನಿರ್ಲಕ್ಷ್ಯ ಬೇರೆ ಎಂಬುದನ್ನು ನ್ಯಾಯಾಲಯಕ್ಕೆ ತೋರಿಸುವುದು ವಕೀಲರ ಮುಖ್ಯ ಕೆಲಸ.

ವಿಮಾನ ಸಂಸ್ಥೆಯ ಮೇಲೂ ಹೊಣೆ ಇದೆ. ದುರಸ್ತಿಯ ದಾಖಲೆ, ತರಬೇತಿಯ ವಿವರ, ಪೈಲಟ್‌ಗೆ ಸಿಕ್ಕ ವಿಶ್ರಾಂತಿಯ ಲೆಕ್ಕ ಎಲ್ಲವನ್ನೂ ಅದು ತನಿಖೆಯ ಮುಂದಿಡಬೇಕಾಗುತ್ತದೆ. ಅದರ ನಷ್ಟವೂ ಸಣ್ಣದಲ್ಲ: ಬೆಂಗಳೂರಿನ ದುರಂತದ ನಂತರ ಸರ್ಕಾರ ಉಳಿದ ಎ-320 ವಿಮಾನಗಳ ಹಾರಾಟವನ್ನು ಹಲವು ತಿಂಗಳು ನಿಲ್ಲಿಸಿತ್ತು. ಸಂಸ್ಥೆಯ ಹಿತವೂ ಪೈಲಟ್‌ನ ಹಿತವೂ ಯಾವಾಗಲೂ ಒಂದೇ ಅಲ್ಲ. ಹಾಗಾಗಿ ಇಬ್ಬರಿಗೂ ಬೇರೆ ಬೇರೆ ವಕೀಲರು ಬೇಕಾಗಬಹುದು.

ಇದರಿಂದ ಮೃತರ ಕುಟುಂಬಗಳಿಗೆ ಅನ್ಯಾಯವಾಗುವುದಿಲ್ಲವೇ? ಇಲ್ಲ. ಭಾರತ 2009ರಲ್ಲಿ ಸೇರಿದ ಮಾಂಟ್ರಿಯಲ್ ಒಪ್ಪಂದದಡಿ, ಅಂತಾರಾಷ್ಟ್ರೀಯ ಪ್ರಯಾಣದಲ್ಲಿ ಪ್ರಯಾಣಿಕರು ಸತ್ತರೆ ತನ್ನ ತಪ್ಪು ಇಲ್ಲವೆಂಬ ಕಾರಣ ಹೇಳಿ ಸಂಸ್ಥೆಯು ನಿಗದಿತ ಮಿತಿಯವರೆಗಿನ ಪರಿಹಾರವನ್ನು ನಿರಾಕರಿಸುವಂತಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆ ಎತ್ತಿನ ಜ್ವರ ಬಿಡುವುದಿಲ್ಲ. 'ಪೈಲಟ್‌ನ ತಪ್ಪು' ಎಂಬ ಶೀರ್ಷಿಕೆಯನ್ನು ಪತ್ರಿಕೆಯಲ್ಲಿ ಕಂಡಾಗ ವಿದ್ಯಾರ್ಥಿಗಳು ಕೇಳಬೇಕಾದ ಪ್ರಶ್ನೆ ಒಂದೇ: ಆ ತಪ್ಪಿಗೆ ದಾರಿ ಮಾಡಿಕೊಟ್ಟದ್ದು ಯಾವುದು?